ಲೈಂಗಿಕ ಸಂಪರ್ಕದ ವೇಳೆ ನೋವು: ಗಂಡಸರಿಗೂ ಹೆಂಗಸರಿಗೂ ಯಾಕೆ ಬರುತ್ತದೆ, ಚಿಕಿತ್ಸೆ ಎಲ್ಲಿ ಸಿಗುತ್ತದೆ?

‘ಮೊದಲ ರಾತ್ರಿ ನೋವಾಗಿ ರಕ್ತ ಬಂದರೆ ಮಾತ್ರ ಹುಡುಗಿ ಶುದ್ಧ.’ ‘ಒಳಗೆ ಉರಿಯಾದರೆ ಪಟಿಕದ ನೀರಿನಲ್ಲಿ ತೊಳೆಯಿರಿ, ಬಿಗಿಯೂ ಆಗುತ್ತದೆ.’ ‘ಗಂಡಸಿಗೆ ಉರಿ ಬಂದರೆ ಅದು ದೇಹದ ಹೀಟು, ಸಬ್ಜಾ ಬೀಜ ನೆನೆಸಿ ಕುಡಿದರೆ ಸಾಕು.’ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುವ ಇಂಥ ಸಂದೇಶಗಳನ್ನು ಯಾದಗಿರಿ, ಶಹಾಪುರ, ಸುರಪುರ ಕಡೆಯ ಓದುಗರು ನಮಗೆ ಕಳಿಸಿ, ‘ಇದು ಖರೇನ್ರಿ?’ ಎಂದು ಕೇಳುತ್ತಾರೆ. ಮೂರೂ ಸುಳ್ಳು. ಆದರೆ ಸುಳ್ಳು ಎಂದಷ್ಟೇ ಹೇಳಿ ಬಿಟ್ಟರೆ ಕೇಳಿದವರ ನೋವು ಹಾಗೆಯೇ ಉಳಿಯುತ್ತದೆ. ಇಂಥದ್ದನ್ನು ಫಾರ್ವರ್ಡ್ ಮಾಡುವವರಲ್ಲಿ ಅನೇಕರು ತಮಾಷೆಗೆ ಮಾಡುವುದಿಲ್ಲ. ಮನೆಯಲ್ಲಿ ಯಾರಿಗೋ ನೋವಿದೆ, ಕೇಳಲು ಜಾಗವಿಲ್ಲ, ಅದಕ್ಕೆ ಮೊಬೈಲನ್ನು ಕೇಳುತ್ತಾರೆ. ಹಾಗಾಗಿ ಈ ನೋವು ಏನು, ಎಲ್ಲಿಂದ ಬರುತ್ತದೆ, ಏನು ಮಾಡಿದರೆ ಹೋಗುತ್ತದೆ ಎಂಬುದನ್ನು ನೇರವಾಗಿಯೇ ಹೇಳುತ್ತೇವೆ. ಓದಲು ಮುಜುಗರವಾದರೆ ಒಬ್ಬರೇ ಕುಳಿತು ಓದಿ.

ಗಂಡ-ಹೆಂಡತಿ ಕೂಡುವಾಗ, ಅದಕ್ಕೆ ಸ್ವಲ್ಪ ಮೊದಲು ಅಥವಾ ಆಮೇಲೆ ಬರುವ ನೋವಿಗೆ ವೈದ್ಯರು ‘ಡಿಸ್ಪರೂನಿಯಾ’ ಎನ್ನುತ್ತಾರೆ. ಇದು ಅಪರೂಪದ ಕಾಯಿಲೆಯಲ್ಲ. ಬ್ರಿಟನ್ನಿನಲ್ಲಿ 2010ರಿಂದ 2012ರವರೆಗೆ ನಡೆದ ದೊಡ್ಡ ರಾಷ್ಟ್ರೀಯ ಸಮೀಕ್ಷೆಯೊಂದರಲ್ಲಿ, ಲೈಂಗಿಕ ಜೀವನ ನಡೆಸುತ್ತಿರುವ 16ರಿಂದ 74 ವರ್ಷದ ಮಹಿಳೆಯರಲ್ಲಿ ಶೇ 7.5ರಷ್ಟು ಮಂದಿ ತಮಗೆ ಇಂಥ ನೋವಿದೆ ಎಂದಿದ್ದರು. ಅಂದರೆ ಸುಮಾರು 13 ಮಂದಿಯಲ್ಲಿ ಒಬ್ಬರು. ಬಾಯಿಬಿಟ್ಟು ಕೇಳಿದರೆ ಉತ್ತರ ಹೇಳುವ ಸಮಾಜದ ಲೆಕ್ಕ ಇದು. ನಮ್ಮ ಕಡೆ ಗಂಡಸರಿಗೆ ಇದು ಮರ್ಯಾದೆಯ ಪ್ರಶ್ನೆ, ಹೆಂಗಸರಿಗೆ ಇದು ‘ಹೆಣ್ಣಿನ ಹಣೆಬರಹ’. ಎರಡೂ ಕಡೆ ಬಾಯಿ ಮುಚ್ಚಿಯೇ ಇರುತ್ತದೆ.

ಮೊದಲು ಕೇಳಬೇಕಾದ ಪ್ರಶ್ನೆ: ಎಲ್ಲಿ ನೋವು?

ಹೊಟ್ಟೆನೋವು ಎಂದರೆ ಹೇಗೆ ಒಂದೇ ಕಾಯಿಲೆಯಲ್ಲವೋ, ಈ ನೋವೂ ಹಾಗೆಯೇ. ಹೆಂಗಸರಲ್ಲಿ ನೋವು ಬಾಗಿಲಲ್ಲೇ ಬರುತ್ತದೆಯೇ, ಅಂದರೆ ಯೋನಿಯ ಬಾಯಿಯ ಬಳಿ ಉರಿ, ಚುಚ್ಚು, ಹರಿದಂತೆ ಆಗುತ್ತದೆಯೇ? ಅಥವಾ ಒಳಗೆ ಹೋದ ಮೇಲೆ ಕಿಬ್ಬೊಟ್ಟೆಯಲ್ಲಿ, ಸೊಂಟದಲ್ಲಿ ಹಿಡಿದಂತೆ ಆಗುತ್ತದೆಯೇ? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ದಾರಿ ಸವೆದಂತೆ. ಬಾಗಿಲಿನ ನೋವಿಗೆ ಕಾರಣ ಸಾಮಾನ್ಯವಾಗಿ ಒಣಗುವಿಕೆ, ಸ್ನಾಯು ಬಿಗಿಯುವುದು, ಚರ್ಮದ ತೊಂದರೆ, ಹೆರಿಗೆಯ ಹೊಲಿಗೆ ಅಥವಾ ಸೋಂಕು. ಒಳಗಿನ ನೋವಾದರೆ ಗರ್ಭಕೋಶ, ಅಂಡಾಶಯ, ಮೂತ್ರಕೋಶ, ಕರುಳು ಇವುಗಳ ಕಡೆ ನೋಡಬೇಕು.

ಇದರಲ್ಲಿ ತೀರಾ ಸಾಮಾನ್ಯವಾದದ್ದು, ತೀರಾ ಸುಲಭವಾಗಿ ಸರಿಹೋಗುವುದು ಒಣಗುವಿಕೆ. ಹೆಣ್ಣಿನ ದೇಹ ಸಿದ್ಧವಾದಾಗ ಯೋನಿಯಲ್ಲಿ ತಾನಾಗಿಯೇ ತೇವ ಬರುತ್ತದೆ. ಅದಕ್ಕೆ ಸಮಯ ಬೇಕು, ಮನಸ್ಸು ಬೇಕು, ಹೆದರಿಕೆ ಇರಬಾರದು. ಪಕ್ಕದ ಕೋಣೆಯಲ್ಲಿ ಅತ್ತೆ-ಮಾವ ಮಲಗಿದ್ದಾರೆ, ಬಾಗಿಲಿಗೆ ಚಿಲಕವಿಲ್ಲ, ಹತ್ತಿ ಬಿಡಿಸಿ ಬೆನ್ನು ಬಿದ್ದುಹೋಗಿದೆ, ಬೆಳಿಗ್ಗೆ ನಾಲ್ಕಕ್ಕೆ ಏಳಬೇಕು, ಎಲ್ಲವೂ ಐದು ನಿಮಿಷದಲ್ಲಿ ಮುಗಿಯಬೇಕು ಎಂಬ ಮನೆಯಲ್ಲಿ ಆ ತೇವ ಬರುವುದಾದರೂ ಹೇಗೆ? ಇದರಲ್ಲಿ ಹೆಂಡತಿಯ ತಪ್ಪಿಲ್ಲ. ಗಂಡನ ಮೇಲೆ ಪ್ರೀತಿಯಿಲ್ಲ ಎಂದೂ ಅರ್ಥವಲ್ಲ.

ಇನ್ನು ಕೆಲವರಲ್ಲಿ ಮನಸ್ಸಿದ್ದರೂ ತೇವ ಬರುವುದಿಲ್ಲ. ಹಾಲೂಡಿಸುವ ತಾಯಂದಿರಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿದಿರುತ್ತದೆ, ಯೋನಿಯ ಪದರ ತೆಳುವಾಗಿ ಒಣಗಿರುತ್ತದೆ. ಬಾಣಂತನ ಮುಗಿಸಿ ತವರಿನಿಂದ ಗಂಡನ ಮನೆಗೆ ಬಂದ ಹೊಸತರಲ್ಲಿ ‘ಮೊದಲಿನಂತಿಲ್ಲ, ಉರಿಯುತ್ತದೆ’ ಎಂದು ಹೇಳುವವರಲ್ಲಿ ಅನೇಕರಿಗೆ ಇದೇ ಕಾರಣ. ಹೆರಿಗೆಯಲ್ಲಿ ಹಾಕಿದ ಹೊಲಿಗೆಯ ಗಾಯ ಗಟ್ಟಿಯಾಗಿದ್ದರೆ ಅದೂ ಸೇರಿಕೊಳ್ಳುತ್ತದೆ. ಮುಟ್ಟು ನಿಂತ ಮೇಲೂ ಇದೇ ಕಥೆ. ಅಲರ್ಜಿಯ ಮಾತ್ರೆ, ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ಒಣಗುತ್ತದೆ.

ಪರಿಹಾರವೇನು? ನೀರು ಆಧಾರಿತ ಲೂಬ್ರಿಕೆಂಟ್ ಜೆಲ್ ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ಕೇಳಲು ನಾಚಿಕೆಯಾದರೆ ಮೊಬೈಲಿನಲ್ಲಿ ಹೆಸರು ಬರೆದು ತೋರಿಸಿ. ಕೊಬ್ಬರಿ ಎಣ್ಣೆ ಹಚ್ಚಬಹುದೇ ಎಂದು ಬಹಳ ಜನ ಕೇಳುತ್ತಾರೆ. ಕಾಂಡೋಮ್ ಬಳಸುವವರು ಎಣ್ಣೆ, ವ್ಯಾಸಲೀನ್ ಯಾವುದನ್ನೂ ಹಚ್ಚಬೇಡಿ. ಎಣ್ಣೆ ತಾಗಿದರೆ ರಬ್ಬರು ದುರ್ಬಲವಾಗಿ ಕಾಂಡೋಮ್ ಹರಿಯುತ್ತದೆ. ಆಶಾ ಕಾರ್ಯಕರ್ತೆ ಕೊಡುವ ನಿರೋಧ್‌ಗೂ ಇದೇ ಮಾತು. ಎಂಜಲು ಹಚ್ಚುವುದೂ ಬೇಡ, ಅದು ಬೇಗ ಆರಿಹೋಗುತ್ತದೆ, ಸೋಂಕಿನ ಭಯವೂ ಉಂಟು. ಮುಟ್ಟು ನಿಂತವರಿಗೆ ಜೆಲ್ ಸಾಲದಿದ್ದರೆ ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮನ್ನು ವೈದ್ಯರು ಬರೆದುಕೊಡುತ್ತಾರೆ.

ಇಲ್ಲೇ ಪಟಿಕದ ವಿಷಯವನ್ನೂ ಮುಗಿಸಿಬಿಡೋಣ. ಕ್ಷೌರದ ಗಾಯಕ್ಕೆ ಪಟಿಕ ಹಚ್ಚಿದಾಗ ಚರ್ಮ ಜುಮ್ಮೆಂದು ಬಿಗಿಯುತ್ತದಲ್ಲ, ಅದು ಚರ್ಮದ ಮೇಲ್ಪದರ ಸುಕ್ಕಾಗುವ ಬಗೆ. ಯೋನಿಯ ಒಳಪದರ ಕೆನ್ನೆಯ ಚರ್ಮಕ್ಕಿಂತ ಬಹಳ ಮೃದು. ಅಲ್ಲಿ ಪಟಿಕ, ನಿಂಬೆ, ಡೆಟಾಲ್, ಟೂತ್‌ಪೇಸ್ಟ್ ಯಾವುದು ಹಾಕಿದರೂ ಒಣಗುತ್ತದೆ, ಸುಡುತ್ತದೆ, ಗಾಯವಾಗುತ್ತದೆ. ಯೋನಿಯಲ್ಲಿ ಸಹಜವಾಗಿರುವ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಸೋಂಕು ಹೆಚ್ಚುತ್ತದೆ. ನೋವು ಕಡಿಮೆ ಮಾಡುತ್ತೇನೆಂದು ಹೊರಟ ಫಾರ್ವರ್ಡು ನೋವನ್ನೇ ಹುಟ್ಟಿಸುತ್ತದೆ. ಒಳಗೆ ಏನನ್ನೂ ಹಾಕಿ ತೊಳೆಯುವ ಅಗತ್ಯ ಯಾರಿಗೂ ಇಲ್ಲ. ಹೊರಗೆ ಬರೀ ನೀರು ಸಾಕು.

‘ಗೋಡೆ ಅಡ್ಡ ಬಂದಂಗ ಆಗ್ತದ’

ಮದುವೆಯಾಗಿ ತಿಂಗಳುಗಳೇ ಕಳೆದರೂ, ಕೆಲವೊಮ್ಮೆ ವರ್ಷಗಳೇ ಕಳೆದರೂ ಕೂಡಲು ಸಾಧ್ಯವಾಗದ ಜೋಡಿಗಳಿದ್ದಾರೆ. ಪ್ರಯತ್ನಿಸಿದ ಕೂಡಲೇ ಹೆಂಡತಿಯ ತೊಡೆ, ಸೊಂಟ, ಯೋನಿಯ ಸುತ್ತಲಿನ ಸ್ನಾಯು ಎಲ್ಲವೂ ಬಿಗಿದುಕೊಳ್ಳುತ್ತವೆ. ಇದಕ್ಕೆ ‘ವಜೈನಿಸ್ಮಸ್’ ಎಂದು ಹೆಸರು. ಕಣ್ಣಿಗೆ ಬೆರಳು ಹತ್ತಿರ ಬಂದರೆ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತದೆ, ಹಾಗೆಯೇ ಇದೂ. ಬೇಕೆಂದು ಮಾಡುವುದಲ್ಲ, ಬೇಡವೆಂದರೂ ನಿಲ್ಲಿಸಲು ಆಗುವುದಿಲ್ಲ. ‘ನಾಟಕ ಮಾಡ್ತಾಳ’, ‘ಮೈಮ್ಯಾಲ ಏನೋ ಬಂದದ’, ‘ಬೇರೆ ಯಾರೋ ಮನಸ್ಸಿನಾಗ ಅದಾರ’ ಎಂಬ ಮಾತುಗಳು ಆ ಹುಡುಗಿಯ ಹೆದರಿಕೆಯನ್ನು ಹೆಚ್ಚಿಸುತ್ತವೆ. ಹೆದರಿಕೆ ಹೆಚ್ಚಿದಷ್ಟೂ ಬಿಗಿತ ಹೆಚ್ಚು. ಬಲವಂತ ಮಾಡಿದರಂತೂ ದೇಹ ಆ ನೋವನ್ನು ನೆನಪಿಟ್ಟುಕೊಂಡು ಮುಂದಿನ ಸಲ ಇನ್ನೂ ಬೇಗ ಬಿಗಿಯುತ್ತದೆ.

ಚಿಕಿತ್ಸೆ ಇದೆ, ಚೆನ್ನಾಗಿ ಫಲ ಕೊಡುವ ಚಿಕಿತ್ಸೆಗಳಲ್ಲಿ ಇದೂ ಒಂದು. ಮೊದಲ ಹೆಜ್ಜೆ, ಕೂಡುವ ಪ್ರಯತ್ನವನ್ನೇ ಕೆಲವು ವಾರ ಪೂರ್ತಿ ನಿಲ್ಲಿಸುವುದು. ಆಮೇಲೆ ಹೊಟ್ಟೆಯವರೆಗೆ ಉಸಿರು ತೆಗೆದುಕೊಂಡು ತಳದ ಸ್ನಾಯುಗಳನ್ನು ಸಡಿಲ ಬಿಡುವುದನ್ನು ಕಲಿಯುವುದು. ಬಳಿಕ ಸ್ತ್ರೀರೋಗ ತಜ್ಞರು ಅಥವಾ ತರಬೇತಾದ ಫಿಸಿಯೋಥೆರಪಿಸ್ಟ್ ಹೇಳಿದಂತೆ ತನ್ನದೇ ಬೆರಳು, ನಂತರ ಡೈಲೇಟರ್ ಎಂಬ ನಯವಾದ ಸಾಧನದ ಸಣ್ಣ ಅಳತೆಯಿಂದ ಆರಂಭಿಸಿ ನಿಧಾನವಾಗಿ ಅಭ್ಯಾಸ ಮಾಡುವುದು. ಜೊತೆಗೆ ಆಪ್ತಸಮಾಲೋಚನೆ. ಯಾವ ಹೆಜ್ಜೆಯಲ್ಲೂ ನಿಲ್ಲಿಸು ಎನ್ನುವ ಅಧಿಕಾರ ಆಕೆಯದ್ದೇ. ಗಂಡ ಜೊತೆಗೆ ಬಂದು ವೈದ್ಯರ ಮಾತು ಕೇಳಿದರೆ ಕೆಲಸ ಸಲೀಸು.

ಒಂದು ಎಚ್ಚರಿಕೆ. ‘ದಿನಾ ನೂರು ಸಲ ಕೆಗಲ್ ವ್ಯಾಯಾಮ ಮಾಡಿ, ಎಲ್ಲ ಲೈಂಗಿಕ ತೊಂದರೆ ಮಾಯ’ ಎಂಬ ವಿಡಿಯೋಗಳು ಈಗ ಜೋರಾಗಿ ಓಡುತ್ತಿವೆ. ಕೆಗಲ್ ಎಂದರೆ ಆ ಸ್ನಾಯುವನ್ನು ಬಿಗಿ ಮಾಡುವ ವ್ಯಾಯಾಮ. ಕೆಮ್ಮಿದರೆ ಮೂತ್ರ ಸೋರುವವರಿಗೆ ಅದು ಒಳ್ಳೆಯದು. ಮೊದಲೇ ಬಿಗಿದ ಸ್ನಾಯುವಿನಿಂದ ನೋವಿರುವವರು ಅದನ್ನು ಮಾಡಿದರೆ ನೋವು ಹೆಚ್ಚಾಗಬಹುದು. ಅವರು ಕಲಿಯಬೇಕಾದದ್ದು ಸಡಿಲ ಬಿಡುವುದನ್ನು.

ಮೊದಲ ರಾತ್ರಿಯ ರಕ್ತದ ಮಾತಿಗೆ ಬರೋಣ. ಯೋನಿಯ ಬಾಯಲ್ಲಿರುವ ಕನ್ಯಾಪೊರೆ ಮುಚ್ಚಳದಂತೆ ಪೂರ್ತಿ ಮುಚ್ಚಿರುವುದಿಲ್ಲ. ಮುಚ್ಚಿದ್ದರೆ ಮುಟ್ಟಿನ ರಕ್ತ ಹೊರಬರುವುದಾದರೂ ಹೇಗೆ? ಅದರ ಆಕಾರ, ದಪ್ಪ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಅನೇಕರಿಗೆ ಮೊದಲ ಸಲ ರಕ್ತ ಬರುವುದೇ ಇಲ್ಲ. ಪೊರೆ ನೋಡಿ ಹೆಣ್ಣು ಕನ್ಯೆಯೋ ಅಲ್ಲವೋ ಎಂದು ಹೇಳಲು ಯಾವ ವೈದ್ಯರಿಗೂ ಆಗದು. ಕನ್ಯತ್ವ ಪರೀಕ್ಷೆಯನ್ನು ನಿಲ್ಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2018ರಲ್ಲಿ ಕರೆ ಕೊಟ್ಟವು. ಅತ್ಯಾಚಾರಕ್ಕೆ ಒಳಗಾದವರ ಮೇಲೆ ಮಾಡುತ್ತಿದ್ದ ‘ಎರಡು ಬೆರಳಿನ ಪರೀಕ್ಷೆ’ಗೆ ವೈಜ್ಞಾನಿಕ ಆಧಾರವಿಲ್ಲವೆಂದು, ಅದನ್ನು ಮಾಡಿದವರನ್ನು ದುರ್ನಡತೆಯ ತಪ್ಪಿತಸ್ಥರೆಂದು ಪರಿಗಣಿಸಬೇಕೆಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್ 31ರಂದು ಹೇಳಿದೆ. ಹಾಸಿಗೆಯ ಬಟ್ಟೆ ನೋಡಿ ಸೊಸೆಯನ್ನು ಅಳೆಯುವ ಹಿರಿಯರು ಮನೆಯಲ್ಲಿದ್ದರೆ ಇಷ್ಟನ್ನಾದರೂ ಅವರಿಗೆ ಓದಿ ಹೇಳಿ.

ಮದುಮಗಳಿಗೆ 18 ತುಂಬಿಲ್ಲವೆಂದರೆ ಮಾತೇ ಬೇರೆ. ಅದು ಜೆಲ್, ವ್ಯಾಯಾಮಗಳ ವಿಷಯವಲ್ಲ. ಬಾಲ್ಯವಿವಾಹ ನಮ್ಮ ಭಾಗದಲ್ಲಿ ಇನ್ನೂ ನಿಂತಿಲ್ಲ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. 2017ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ 18 ತುಂಬದ ಹೆಂಡತಿಯೊಂದಿಗೆ ಕೂಡುವುದು ಅತ್ಯಾಚಾರ. ಇಂಥ ಹುಡುಗಿಗೆ ರಕ್ತಸ್ರಾವವೋ ನೋವೋ ಆದಾಗ ‘ಪೊಲೀಸ್ ಕೇಸಾಗ್ತದ’ ಎಂದು ಆಸ್ಪತ್ರೆಗೆ ಕರೆದೊಯ್ಯದೆ ಇರುವ ಮನೆಗಳಿವೆ. ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು ಎಂಬುದು ನಿಜ. ಆದರೆ ರಕ್ತ ನಿಲ್ಲದೆ ಹೋದರೆ ಹುಡುಗಿಯ ಜೀವ ಹೋಗುತ್ತದೆ ಎಂಬುದು ಅದಕ್ಕಿಂತ ದೊಡ್ಡ ನಿಜ. ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು, ನೆರೆಮನೆಯವರೂ ಸಹ.

ಒಳಗಿನ ನೋವು ಮತ್ತು ‘ಮದುವೆಯಾದರೆ ಸರಿಹೋಗ್ತದ’ ಎಂಬ ಮಾತು

ಮುಟ್ಟಿನ ದಿನ ಹಾಸಿಗೆ ಹಿಡಿಯುವಷ್ಟು ಹೊಟ್ಟೆನೋವು ಇರುವ ಹುಡುಗಿಗೆ ನಮ್ಮಲ್ಲಿ ಹೇಳುವ ಸಮಾಧಾನ ಇದೇ. ಅವಳಿಗೆ ಎಂಡೊಮೆಟ್ರಿಯೋಸಿಸ್ ಇದ್ದರೆ, ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೂ ಬೆಳೆದಿದ್ದರೆ, ಮದುವೆಯಾದ ಮೇಲೆ ಮುಟ್ಟಿನ ನೋವಿನ ಜೊತೆ ಕೂಡುವಾಗಿನ ನೋವೂ ಸೇರಿಕೊಳ್ಳುತ್ತದೆ. ಜಗತ್ತಿನಲ್ಲಿ ಹೆರುವ ವಯಸ್ಸಿನ ಸುಮಾರು 10 ಹೆಂಗಸರಲ್ಲಿ ಒಬ್ಬರಿಗೆ, ಒಟ್ಟು 19 ಕೋಟಿ ಮಂದಿಗೆ ಇದಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಸಾಮಾನ್ಯ ಸ್ಕ್ಯಾನಿಂಗ್‌ನಲ್ಲಿ ಎಷ್ಟೋ ಸಲ ಕಾಣಿಸುವುದಿಲ್ಲ, ಆದ್ದರಿಂದ ‘ಸ್ಕ್ಯಾನಿಂಗ್ ನಾರ್ಮಲ್ ಅದ, ಏನೂ ಇಲ್ಲ’ ಎಂಬ ಮಾತಿಗೆ ಸುಮ್ಮನಾಗಬೇಡಿ. ನೋವಿನ ಮಾತ್ರೆ, ಹಾರ್ಮೋನಿನ ಮಾತ್ರೆ, ಬೇಕಾದರೆ ಲ್ಯಾಪ್ರೊಸ್ಕೋಪಿ ಶಸ್ತ್ರಚಿಕಿತ್ಸೆ ಹೀಗೆ ಹಂತ ಹಂತವಾಗಿ ಚಿಕಿತ್ಸೆಯಿದೆ.

ಇನ್ನೊಂದು ದೊಡ್ಡ ಕಾರಣ ಸೋಂಕು. ಬಿಳಿ ಹೋಗುವುದು ಎಲ್ಲರಿಗೂ ಸ್ವಲ್ಪ ಇರುತ್ತದೆ, ಅದು ರೋಗವಲ್ಲ. ಮೊಸರಿನಂತೆ ಗಟ್ಟಿಯಾಗಿ ತುರಿಕೆಯೊಂದಿಗೆ, ಹಳದಿ-ಹಸಿರಾಗಿ, ಕೆಟ್ಟ ವಾಸನೆಯೊಂದಿಗೆ ಹೋಗುತ್ತಿದ್ದರೆ ಅದು ಸೋಂಕು. ಸೋಂಕು ಮೇಲಕ್ಕೇರಿ ಗರ್ಭಕೋಶ, ಗರ್ಭನಾಳಗಳನ್ನು ಹಿಡಿದರೆ ಕಿಬ್ಬೊಟ್ಟೆ ನೋವು, ಜ್ವರ, ಕೂಡುವಾಗ ಒಳನೋವು ಬರುತ್ತದೆ. ಬಿಟ್ಟರೆ ಗರ್ಭನಾಳ ಮುಚ್ಚಿ ಮಕ್ಕಳಾಗದೆ ಹೋಗಬಹುದು. ಜನನಾಂಗದ ಕ್ಷಯವೂ ಹೀಗೆಯೇ ಸದ್ದಿಲ್ಲದೆ ಹಾನಿ ಮಾಡುತ್ತದೆ.

ಯಾದಗಿರಿ ಜಿಲ್ಲೆಯಿಂದ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುವ ಕುಟುಂಬಗಳಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ಲೈಂಗಿಕವಾಗಿ ಹರಡುವ ಸೋಂಕಿಗೆ ಗಂಡ-ಹೆಂಡತಿ ಇಬ್ಬರೂ ಒಟ್ಟಿಗೇ ಔಷಧ ತೆಗೆದುಕೊಳ್ಳಬೇಕು. ಒಬ್ಬರು ಊರಲ್ಲಿ ಮಾತ್ರೆ ನುಂಗಿ, ಇನ್ನೊಬ್ಬರು ಹಬ್ಬಕ್ಕೆ ಬಂದಾಗ ಮತ್ತೆ ಸೋಂಕು ತಗುಲಿದರೆ ಅದು ವಾಸಿಯೇ ಆಗುವುದಿಲ್ಲ. ‘ಔಷಧ ನಾಟಲಿಲ್ಲ’ ಎಂದು ಡಾಕ್ಟರ್ ಬದಲಿಸುವ ಮುನ್ನ ಇದನ್ನು ಯೋಚಿಸಿ. ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸುರಕ್ಷಾ ಕ್ಲಿನಿಕ್’ ಎಂಬ ವಿಭಾಗ ಇರುತ್ತದೆ. ಪರೀಕ್ಷೆ, ಸಮಾಲೋಚನೆ, ಔಷಧ ಎಲ್ಲ ಉಚಿತ. ತೊಂದರೆಗೆ ತಕ್ಕಂತೆ ಬಣ್ಣ ಬಣ್ಣದ ಕಿಟ್ ಕೊಡುತ್ತಾರೆ, ಸಂಗಾತಿಗೂ ಕೊಡುತ್ತಾರೆ.

ಗರ್ಭಚೀಲ ತೆಗೆಸಿದರೆ ನೋವು ಹೋಗುತ್ತದೆಯೇ?

ಇದು ಫಾರ್ವರ್ಡ್‌ನಲ್ಲಿ ಬರುವುದಕ್ಕಿಂತ ಬಾಯಿಂದ ಬಾಯಿಗೆ ಹೋಗುವುದೇ ಹೆಚ್ಚು. ‘ಮಕ್ಕಳಾಗ್ಯಾವ, ಆಪರೇಷನ್ ಆಗ್ಯಾದ, ಇನ್ನ್ಯಾಕ ಬೇಕು ಚೀಲ?’ ಈ ಮಾತಿನ ಹಿಂದೆ ನಮ್ಮ ಪಕ್ಕದಲ್ಲೇ ನಡೆದ ಒಂದು ಕಹಿ ಘಟನೆಯಿದೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ, ಹಳ್ಳಿಗಳಲ್ಲಿ ದೊಡ್ಡ ಸಂಖ್ಯೆಯ ಮಹಿಳೆಯರ ಗರ್ಭಕೋಶವನ್ನು ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ಅನಗತ್ಯವಾಗಿ ತೆಗೆಯಲಾಗಿದೆ ಎಂಬ ದೂರು 2015ರಲ್ಲಿ ಹೊರಬಂತು. ಹೆಚ್ಚಿನವರು ಲಂಬಾಣಿ ಮತ್ತು ದಲಿತ ಸಮುದಾಯದವರು, ಅನೇಕರಿಗೆ 40 ಕೂಡ ತುಂಬಿರಲಿಲ್ಲ. ಅವರು ಆಸ್ಪತ್ರೆಗೆ ಹೋದದ್ದು ಹೊಟ್ಟೆನೋವು, ಬೆನ್ನುನೋವು, ಬಿಳಿ ಹೋಗುವುದು ಇಂಥ ತೊಂದರೆಗಳಿಗೆ. ‘ತೆಗೆಸದಿದ್ದರೆ ಕ್ಯಾನ್ಸರ್ ಆಗ್ತದ’ ಎಂದು ಹೆದರಿಸಿದರು ಎಂದು ಮಹಿಳೆಯರು ಹೇಳಿದರು. ಆರೋಗ್ಯ ಇಲಾಖೆ ತನಿಖೆ ನಡೆಸಿತು. 2017ರಲ್ಲಿ ಆ ಮಹಿಳೆಯರು ಕಲಬುರಗಿಯಲ್ಲಿ ಬೀದಿಗಿಳಿದು ನ್ಯಾಯ ಕೇಳಿದರು. 2009ರ ಕೊನೆಯವರೆಗೆ ಯಾದಗಿರಿ, ಶಹಾಪುರ, ಸುರಪುರ ಮೂರೂ ಅದೇ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ಇಂದಿಗೂ ‘ದೊಡ್ಡ ದವಾಖಾನಿ’ ಎಂದರೆ ನಮ್ಮ ಜನ ಹತ್ತುವುದು ಕಲಬುರಗಿ ಬಸ್ಸನ್ನೇ. ಹಾಗಾಗಿ ಇದು ದೂರದ ಸುದ್ದಿಯಲ್ಲ.

ವಿಜ್ಞಾನ ಏನು ಹೇಳುತ್ತದೆ? ಕ್ಯಾನ್ಸರ್, ದೊಡ್ಡ ಗಡ್ಡೆ, ಔಷಧಕ್ಕೆ ಬಗ್ಗದ ರಕ್ತಸ್ರಾವ ಇಂಥವಕ್ಕೆ ಗರ್ಭಕೋಶ ತೆಗೆಯುವುದು ಸರಿಯಾದ ಚಿಕಿತ್ಸೆಯೇ. ಆದರೆ ನೋವಿಗೆ ಕಾರಣ ಸೋಂಕಾಗಿದ್ದರೆ ಆ್ಯಂಟಿಬಯಾಟಿಕ್ ಬೇಕು, ಸ್ನಾಯು ಬಿಗಿತವಾಗಿದ್ದರೆ ವ್ಯಾಯಾಮ ಬೇಕು, ಒಣಗುವಿಕೆಯಾಗಿದ್ದರೆ ಜೆಲ್ ಬೇಕು. ಗರ್ಭಕೋಶಕ್ಕೂ ಅವಕ್ಕೂ ಸಂಬಂಧವಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಅಂಡಾಶಯಗಳನ್ನೂ ತೆಗೆದರೆ 32ನೇ ವಯಸ್ಸಿನ ಹೆಂಗಸಿನ ದೇಹ ಒಂದೇ ದಿನದಲ್ಲಿ ಮುಟ್ಟು ನಿಂತವರ ಸ್ಥಿತಿಗೆ ಹೋಗುತ್ತದೆ. ಈಸ್ಟ್ರೋಜನ್ ನಿಲ್ಲುತ್ತದೆ, ಯೋನಿ ಒಣಗುತ್ತದೆ, ಕೂಡುವಾಗಿನ ನೋವು ಹೆಚ್ಚುತ್ತದೆ, ಮೂಳೆ ಸವೆಯುತ್ತದೆ. ಅಂಡಾಶಯ ಉಳಿಸಿದರೂ ಮುಟ್ಟು ನಿಲ್ಲುವ ಬದಲಾವಣೆಗಳು ಕೆಲವರಲ್ಲಿ ಬೇಗ ಬರುತ್ತವೆ. ಸಾಲ ಮಾಡಿ, ಆಭರಣ ಅಡವಿಟ್ಟು ಕೊಂಡದ್ದು ಹೊಸ ನೋವನ್ನು.

ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ರೂಪಿಸಿತು. ಎಲ್ಲ ರಾಜ್ಯಗಳೂ ಅದನ್ನು ಅಳವಡಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಆದೇಶಿಸಿತು. ಯಾರಾದರೂ ‘ನಾಳೆಯೇ ತೆಗೆಸಿ’ ಎಂದರೆ ನೀವು ಕೇಳಬೇಕಾದ ಪ್ರಶ್ನೆಗಳು ಇಷ್ಟೇ: ಯಾವ ರೋಗಕ್ಕೆ ತೆಗೆಯುತ್ತೀರಿ? ಅದನ್ನು ಯಾವ ಪರೀಕ್ಷೆ ತೋರಿಸಿದೆ? ಔಷಧದಲ್ಲಿ ಆಗದೇ? ಅಂಡಾಶಯ ಉಳಿಸುತ್ತೀರಾ? ಉತ್ತರಗಳನ್ನು ಚೀಟಿಯಲ್ಲಿ ಬರೆಸಿಕೊಂಡು ಯಾದಗಿರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೋ ಕಲಬುರಗಿಯ ಜಿಮ್ಸ್‌ನಲ್ಲೋ ಎರಡನೇ ಅಭಿಪ್ರಾಯ ಕೇಳಿ. ತುರ್ತು ರಕ್ತಸ್ರಾವ ಇಲ್ಲದಿದ್ದರೆ ಒಂದು ವಾರ ತಡವಾದರೆ ಏನೂ ಆಗುವುದಿಲ್ಲ.

ಗಂಡಸರ ನೋವು

ಗಂಡಸಿಗೆ ನೋವೇ ಇರುವುದಿಲ್ಲ ಎಂಬ ನಂಬಿಕೆ ಎಷ್ಟು ಗಟ್ಟಿಯೆಂದರೆ, ನೋವಿರುವ ಗಂಡಸರೂ ತಮಗೆ ನೋವಿದೆ ಎಂದು ಹೇಳದೆ ‘ವೀಕ್‌ನೆಸ್’ ಎನ್ನುತ್ತಾರೆ. ಆಮೇಲೆ ಬಸ್ ನಿಲ್ದಾಣದ ಗೋಡೆಯ ಮೇಲಿನ ‘ಗುಪ್ತರೋಗ ತಜ್ಞ’ರ ಬಳಿ ಹೋಗುತ್ತಾರೆ. ಅಂಥ ಜಾಹೀರಾತುಗಳ ಬಗ್ಗೆ ಒಂದು ವಿಷಯ ತಿಳಿದಿರಲಿ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ, ಗರ್ಭಕೋಶದ ರೋಗ, ಹೈಡ್ರೋಸೀಲ್ ವಾಸಿ ಮಾಡುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡುವುದೇ 1954ರ ಕಾಯ್ದೆಯೊಂದರ ಪ್ರಕಾರ ಅಪರಾಧ.

ಹರೆಯದವರಲ್ಲಿ ಸಾಮಾನ್ಯವಾದದ್ದು ಮುಂದೊಗಲು ಹಿಂದೆ ಸರಿಯದಿರುವುದು, ಅಂದರೆ ಫೈಮೋಸಿಸ್. ನಿಮಿರಿದಾಗ ಎಳೆದಂತಾಗಿ ನೋಯುತ್ತದೆ, ಸೀಳುತ್ತದೆ. ಕೆಲವರಲ್ಲಿ ಮುಂದೊಗಲಿನ ಕೆಳಗಿನ ಸಣ್ಣ ಪಟ್ಟಿ ಗಿಡ್ಡವಿದ್ದು, ಮೊದಲ ಸಲ ಕೂಡುವಾಗ ಹರಿದು ರಕ್ತ ಬರುತ್ತದೆ. ಹೌದು, ಮೊದಲ ರಾತ್ರಿ ರಕ್ತ ಗಂಡಿಗೂ ಬರಬಹುದು. ಆಗ ಅವನನ್ನು ಯಾರೂ ಶುದ್ಧ-ಅಶುದ್ಧ ಎನ್ನುವುದಿಲ್ಲ. ಫೈಮೋಸಿಸ್‌ಗೆ ಸ್ಟೆರಾಯ್ಡ್ ಮುಲಾಮನ್ನು ಕೆಲವು ವಾರ ಹಚ್ಚಿದರೆ ಅನೇಕರಲ್ಲಿ ಸಡಿಲವಾಗುತ್ತದೆ. ಆಗದಿದ್ದರೆ ಮುಂದೊಗಲು ತೆಗೆಯುವ ಸಣ್ಣ ಶಸ್ತ್ರಚಿಕಿತ್ಸೆ ಇದೆ. ‘ಅದು ಅವರ ಧರ್ಮದವರು ಮಾಡಿಸೋದು’ ಎಂದು ನೋವು ನುಂಗುವವರಿದ್ದಾರೆ. ಇದು ಚಿಕಿತ್ಸೆ, ಧರ್ಮಕ್ಕೂ ಇದಕ್ಕೂ ಸಂಬಂಧವಿಲ್ಲ. ಬಲವಂತವಾಗಿ ಹಿಂದೆಳೆದ ಮುಂದೊಗಲು ಅಲ್ಲೇ ಸಿಕ್ಕಿಕೊಂಡು ಊದಿದರೆ ಮಾತ್ರ ತಕ್ಷಣ ಆಸ್ಪತ್ರೆಗೆ ಓಡಬೇಕು.

ಮಧ್ಯವಯಸ್ಸಿನವರಿಗೆ ಮುಂದೊಗಲು ಪದೇ ಪದೇ ಕೆಂಪಾಗಿ, ಬಿರುಕು ಬಿಟ್ಟು, ಉರಿಯುತ್ತಿದ್ದರೆ ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ. ಎಷ್ಟೋ ಜನರಿಗೆ ಮಧುಮೇಹ ಇರುವುದು ಗೊತ್ತಾಗುವುದೇ ಹೀಗೆ.

ಮೂತ್ರ ಮಾಡುವಾಗ ಉರಿ, ಕೀವು ಬರುವುದು, ವೀರ್ಯ ಹೋಗುವಾಗ ನೋವು ಇದ್ದರೆ ಸೋಂಕಿನ ಪರೀಕ್ಷೆ ಆಗಲೇಬೇಕು. ಇಲ್ಲಿ ‘ಹೀಟ್ ಆಗ್ಯಾದ ಬಿಡ್ರಿ’ ಎಂಬ ಮಾತು ಬಹಳ ಹಾನಿ ಮಾಡುತ್ತದೆ. ನಮ್ಮ ಬಿಸಿಲಿಗೆ ನೀರು ಕಡಿಮೆ ಕುಡಿದರೆ ಮೂತ್ರ ಗಟ್ಟಿಯಾಗಿ ಉರಿಯುವುದು ನಿಜ, ಚೆನ್ನಾಗಿ ನೀರು ಕುಡಿದರೆ ಒಂದೆರಡು ದಿನದಲ್ಲಿ ಅದು ಹೋಗುತ್ತದೆ. ಸಬ್ಜಾ, ಎಳನೀರು ಕುಡಿಯುವುದರಿಂದ ನಷ್ಟವಿಲ್ಲ. ಆದರೆ ಗೊನೋರಿಯಾ, ಕ್ಲಮೈಡಿಯಾಗಳು ಎಳನೀರಿಗೆ ಸಾಯುವ ಕ್ರಿಮಿಗಳಲ್ಲ. ಎರಡು ದಿನದಲ್ಲಿ ಹೋಗದ ಉರಿಯನ್ನು ಹೀಟು ಎನ್ನಬೇಡಿ. ಇನ್ನು, ಪರೀಕ್ಷೆಯಲ್ಲಿ ಸೋಂಕು ಕಾಣದಿದ್ದರೂ ತಿಂಗಳುಗಟ್ಟಲೆ ವೃಷಣ ಮತ್ತು ಗುದದ ನಡುವೆ ನೋಯುವ ಗಂಡಸರಿದ್ದಾರೆ. ಅವರಲ್ಲಿ ಅನೇಕರಿಗೆ ತಳದ ಸ್ನಾಯುಗಳ ಬಿಗಿತ ಇರುತ್ತದೆ. ಮತ್ತೆ ಮತ್ತೆ ಆ್ಯಂಟಿಬಯಾಟಿಕ್ ನುಂಗುವುದಕ್ಕಿಂತ ಮೇಲೆ ಹೇಳಿದ ಸಡಿಲ ಬಿಡುವ ವ್ಯಾಯಾಮ ಅವರಿಗೆ ಹೆಚ್ಚು ಉಪಯೋಗ.

ನಮ್ಮ ಜಿಲ್ಲೆಗೆ ಮರೆಯದೆ ಹೇಳಬೇಕಾದ ಕಾರಣ ಆನೆಕಾಲು ರೋಗ. ಕರ್ನಾಟಕದಲ್ಲಿ ಈ ರೋಗ ಬೇರೂರಿರುವ ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. ಸೊಳ್ಳೆಯಿಂದ ಹರಡುವ ಆ ಹುಳು ಕಾಲನ್ನಷ್ಟೇ ಊದಿಸುವುದಿಲ್ಲ. ಗಂಡಸರಲ್ಲಿ ವೃಷಣದ ಚೀಲದಲ್ಲಿ ನೀರು ತುಂಬಿಸುತ್ತದೆ, ಅದೇ ಹೈಡ್ರೋಸೀಲ್. ಭಾರ, ಎಳೆತ, ಕೂಡುವಾಗ ತೊಂದರೆ, ಅದಕ್ಕಿಂತ ಹೆಚ್ಚಾಗಿ ಧೋತರದ ಮರೆಯಲ್ಲಿ ಮುಚ್ಚಿಟ್ಟ ನಾಚಿಕೆ. ಸರ್ಕಾರಿ ಆಸ್ಪತ್ರೆಯಲ್ಲಿ ಸರಳ ಶಸ್ತ್ರಚಿಕಿತ್ಸೆಯಿಂದ ಇದು ವಾಸಿಯಾಗುತ್ತದೆ. ಸೂಜಿಯಿಂದ ನೀರು ತೆಗೆಸಿಕೊಳ್ಳಬೇಡಿ, ಮತ್ತೆ ತುಂಬಿಕೊಳ್ಳುತ್ತದೆ, ಕೀವೂ ಆಗಬಹುದು. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ತರುವ ಆನೆಕಾಲು ರೋಗದ ಮಾತ್ರೆಗಳನ್ನು ಅವರ ಎದುರೇ ನುಂಗಿ. ಅದರಿಂದ ಗಂಡಸುತನ ಹೋಗುತ್ತದೆ ಎಂಬ ಗಾಳಿಮಾತು ಸುಳ್ಳು.

ಶಿಶ್ನ ಒಂದು ಕಡೆ ಹೊಸದಾಗಿ ಬಾಗಿ, ಒಳಗೆ ಗಂಟು ಸಿಕ್ಕಿ, ನಿಮಿರಿದಾಗ ನೋಯುತ್ತಿದ್ದರೆ ಅದು ಪೆರೋನೀಸ್ ಕಾಯಿಲೆ. ಕೈಯಿಂದ ನೇರ ಮಾಡಲು ಹೋಗದೆ ಮೂತ್ರರೋಗ ತಜ್ಞರನ್ನು ಕಾಣಿ. ಹೆಚ್ಚು ಹೊತ್ತು ನಡೆಯಲೆಂದು ಮಾರುವ ಸ್ಪ್ರೇಗಳಲ್ಲಿ ಮರಗಟ್ಟಿಸುವ ಔಷಧ ಇರುತ್ತದೆ. ಅದು ಹೆಂಡತಿಗೂ ತಾಗಿ ಉರಿ ತರಬಹುದು.

ಯಾವಾಗ ಕಾಯಬಾರದು?

ಕೂಡಿದ ಮೇಲೆ ಪದೇ ಪದೇ ರಕ್ತ ಕಾಣಿಸಿದರೆ, ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಬಂದರೂ ಗರ್ಭಕಂಠದ ಕ್ಯಾನ್ಸರ್ ಪರೀಕ್ಷೆ ಮಾಡಿಸಿ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆ ಉಚಿತ. ಮುಟ್ಟು ತಪ್ಪಿ ಒಂದೇ ಕಡೆ ಜೋರು ಕಿಬ್ಬೊಟ್ಟೆ ನೋವು ಬಂದರೆ ಗರ್ಭನಾಳದಲ್ಲಿ ಗರ್ಭ ನಿಂತಿರಬಹುದು, ಆಗ ಗಂಟೆಗಳ ಲೆಕ್ಕ. ಗಂಡಸರಲ್ಲಿ ವೃಷಣದಲ್ಲಿ ಇದ್ದಕ್ಕಿದ್ದಂತೆ ತಡೆಯಲಾಗದ ನೋವು ಬಂದರೆ ಅದು ತಿರುಚಿಕೊಂಡಿರಬಹುದು, ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಉಳಿಯುವ ಸಾಧ್ಯತೆ ಹೆಚ್ಚು. ಕೂಡುವಾಗ ‘ಟಕ್’ ಎಂಬ ಸದ್ದಾಗಿ ಶಿಶ್ನ ಕಪ್ಪಗೆ ಊದಿದರೆ, ಮಾತ್ರೆ ನುಂಗಿ ನಿಮಿರಿದ್ದು 4 ಗಂಟೆಯಾದರೂ ಇಳಿಯದಿದ್ದರೆ ಆ ರಾತ್ರಿಯೇ ಹೊರಡಿ, 108ಕ್ಕೆ ಕರೆ ಮಾಡಿ.

ಬೇಡವೆಂದರೂ ಬಲವಂತ ನಡೆಯುತ್ತಿದ್ದರೆ ಅದು ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2005ರ ಪ್ರಕಾರ ಲೈಂಗಿಕ ದೌರ್ಜನ್ಯ. ಮಹಿಳಾ ಸಹಾಯವಾಣಿ 181ಕ್ಕೆ ಹೇಳಬಹುದು. ನೋವಿನಿಂದ ಮನಸ್ಸು ಕುಸಿದಿದ್ದರೆ ಟೆಲಿಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ಶುಲ್ಕವಿಲ್ಲ. 10ರಿಂದ 19 ವರ್ಷದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ ಇದೆ.

ಶಹಾಪುರ, ಸುರಪುರದ ತಾಲ್ಲೂಕು ಆಸ್ಪತ್ರೆಯ ಹೊರರೋಗಿ ಸಾಲಿನಲ್ಲಿ ಹಿಂದೆ ಮುಂದೆ ಊರವರೇ ನಿಂತಿರುವಾಗ ಇದನ್ನೆಲ್ಲ ಹೇಳುವುದು ಹೇಗೆ? ಚೀಟಿ ಮಾಡಿಸುವಾಗ ‘ಕಿಬ್ಬೊಟ್ಟೆ ನೋವು’ ಎಂದಷ್ಟೇ ಹೇಳಿ ಸಾಕು. ಒಳಗೆ ಹೋದ ಮೇಲೆ ‘ಡಾಕ್ಟ್ರೇ, ಗಂಡ-ಹೆಂಡತಿ ಕೂಡುವಾಗ ನೋವಾಗ್ತದ, ಬಾಗಿಲು ಹಾಕಿ ಮಾತಾಡಬೇಕ್ರಿ’ ಎನ್ನಿ. ಬಾಯಿ ಬರದಿದ್ದರೆ ಎಷ್ಟು ದಿನದಿಂದ, ಎಲ್ಲಿ, ಯಾವಾಗ ನೋವು ಎಂದು ಕಾಗದದಲ್ಲಿ ಬರೆದು ಕೊಡಿ. ಹೆಂಗಸರು ಮಹಿಳಾ ವೈದ್ಯರನ್ನು ಕೇಳಬಹುದು. ಪರೀಕ್ಷೆ ಮಾಡುವವರು ಪುರುಷ ವೈದ್ಯರಾದರೆ ನರ್ಸ್ ಪಕ್ಕದಲ್ಲಿರಬೇಕು, ಇಲ್ಲದಿದ್ದರೆ ಕರೆಸಿ ಎಂದು ಹೇಳಿ. ಪರೀಕ್ಷೆಯ ನಡುವೆ ನೋವಾದರೆ ‘ನಿಲ್ಲಿಸ್ರಿ’ ಎನ್ನಿ, ಅವರು ನಿಲ್ಲಿಸಬೇಕು.